ಆಥೆನ್ಸಿನ ಬೆಳ್ಳಿಯ ನಾಣ್ಯವೂ ಅದರ ಪರೀಕ್ಷಾವಿಧಾನವೂ

೧. ಉಪಕ್ರಮ

ಪ್ರಾಚೀನ ಚರಿತ್ರೆಯನ್ನು ಬರೆಯುವವರಿಗೆ ಗ್ರಂಥ, ಶಾಸನ, ನಾಣ್ಯ ಎಂಬ ಮೂರು ಸಾಧನಗಳು ಮುಖ್ಯವಾದುವು. ಇವುಗಳಲ್ಲಿ ಗ್ರಂಥವು ಲಿಪಿಕಾರರ ಕೈಯಿಂದ ಕೈಗೆ ಬರುವಾಗ ಮಾರ್ಪಡುವುದುಂಟು. ಅದರಲ್ಲಿ ಪ್ರಕ್ಷಿಪ್ತಭಾಗಗಳು ಸೇರುವುದೂ ಉಂಟು. ಶಾಸನವಾದರೋ, ಪಡೆಯದ ದತ್ತಿಯನ್ನು ಪಡೆದಂತೆ ತೋರಿಸುವುದಕ್ಕಾಗಿ ಕೂಟವಾಗಿ ಬರೆಯಿಸಿದುದಾಗಿರಬಹುದು. ಗಂಗರ ಹೆಸರಿನಲ್ಲಿರುವ ತಾಮ್ರಪಟಗಳ ವಿಷಯವಾಗಿ ಫ್ಲೀಟ್, ರೈಸ್ ಇವರಿಬ್ಬರಿಗೆ ಇದ್ದ ಮತಭೇದವು ಕನ್ನಡ ವಿದ್ವಾಂಸರಿಗೆ ಸುಪರಿಚಿತವಾದುದು. ನಾಣ್ಯವು ಮಾತ್ರ ಟಂಕಸಾಲೆಯಿಂದ ಹೊರಬಿದ್ದ ರೂಪದಲ್ಲಿಯೇ ಇಂದಿನವರ ಅಂಗೈಗೆ ಬರುತ್ತದೆ. ಆದುದರಿಂದ ಅದು ನಿರ್ದುಷ್ಟವಾದ ಸಾಕ್ಷಿಯೆಂದು ಸಾಮಾನ್ಯವಾಗಿ ನಂಬಿಕೆಯುಂಟು. ಈ ನಂಬಿಕೆಯು ಪರೀಕ್ಷೆಗೆ ನಿಂತ ನಾಣ್ಯಕ್ಕೆ ಮಾತ್ರ ಸಲ್ಲತಕ್ಕುದು. ಪರೀಕ್ಷೆಯಿಲ್ಲದೆ ಸ್ವೀಕರಿಸಿದ ಒಂದು ಹುಸಿ ನಾಣ್ಯವು ಇಲ್ಲದ ರಾಜನನ್ನು ಸೃಷ್ಟಿಸಬಲ್ಲದು, ನಡೆಯದ ವ್ಯಾಪಾರವನ್ನು ನಡೆಸಬಲ್ಲದು, ಒಂದು ಶತಮಾನದ ಶಿಲ್ಪವನ್ನು ಮತ್ತೊಂದಕ್ಕೆ ಆರೋಪಿಸಬಲ್ಲದು. ಒಮ್ಮೆ ಪುಸ್ತಕದಲ್ಲಿ ಸೇರಿದ ಮೇಲೆ ಅದನ್ನು ಹೊರದೂಡುವುದು ಪ್ರಕ್ಷಿಪ್ತಶ್ಲೋಕವನ್ನು ಹೊರದೂಡುವಷ್ಟೇ ಕಷ್ಟ.

ಪರೀಕ್ಷಾಶಬ್ದಕ್ಕೆ ಸುತ್ತಲೂ ನೋಡುವುದೆಂದು ಅವಯವಾರ್ಥ. ಒಂದೇ ಕಡೆಯಿಂದ ನೋಡಿದುದು ಪರೀಕ್ಷೆಯಲ್ಲ. ಪ್ರಾಚೀನ ಗ್ರೀಕರ ನಾಣ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದ, ಆದುದರಿಂದಲೇ ಅತಿಯಾಗಿ ಅನುಕರಣಕ್ಕೆ ಒಳಗಾದ, ಆಥೆನ್ಸ್ ನಗರದ ಗೂಬೆಯ ನಾಣ್ಯವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪರೀಕ್ಷೆಯ ಕ್ರಮವನ್ನು ಇಲ್ಲಿ ನಿರೂಪಿಸಲಾಗುವುದು.

೨. ನಾಣ್ಯದ ಸ್ವರೂಪ

ಈ ನಾಣ್ಯಕ್ಕೆ ಟೆಟ್ರಡ್ರಾಕ್ಮ ಎಂದು ಹೆಸರು. ನಾಲ್ಕು ದ್ರಾಕ್ಮಗಳ ನಾಣ್ಯವೆಂದು ಅರ್ಥ. ಸಂಸ್ಕೃತದಲ್ಲಿ ಬಳಕೆಗೆ ಬಂದ ದ್ರಮ್ಮಶಬ್ದವು ಈ ಗ್ರೀಕ್ ದ್ರಾಕ್ಮದಿಂದ ಬಂದುದೇ. ಆಟಿಕ ಮಾನದಲ್ಲಿ ಒಂದು ದ್ರಾಕ್ಮಕ್ಕೆ ಸುಮಾರು ೪.೩ ಗ್ರಾಂ ತೂಕ. ಆದುದರಿಂದ ಟೆಟ್ರಡ್ರಾಕ್ಮಕ್ಕೆ ಸುಮಾರು ೧೭.೨ ಗ್ರಾಂ, ಎಂದರೆ ಒಂದೂವರೆ ತೊಲಕ್ಕೆ ಸ್ವಲ್ಪ ಕಡಮೆ. ಮುಮ್ಮುಖದಲ್ಲಿ ಬಲಕ್ಕೆ ತಿರುಗಿದ, ಶಿಖೆಯುಳ್ಳ ಶಿರಸ್ತ್ರಾಣವನ್ನು ಧರಿಸಿದ ಆಥೀನಾ ದೇವಿಯ ತಲೆ. ಹಿಮ್ಮುಖದಲ್ಲಿ ದೇವಿಯ ಪಕ್ಷಿಯಾದ ಗೂಬೆ, ಅದರ ಬೆನ್ನ ಹಿಂದೆ ಆಲಿವ್ ಮರದ ಚಿಗುರು, ಎದುರಿಗೆ ಮೂರು ಅಕ್ಷರಗಳು. ಪಾರಸಿಕರೊಡನೆ ನಡೆದ ಯುದ್ಧಗಳ ತರುವಾಯ ಅಚ್ಚಾದ ನಾಣ್ಯಗಳಲ್ಲಿ ಶಿರಸ್ತ್ರಾಣದ ಮೇಲೆ ಆಲಿವ್ ಎಲೆಗಳೂ ಹಿಮ್ಮುಖದಲ್ಲಿ ಚಿಕ್ಕದೊಂದು ಬಾಲಚಂದ್ರನೂ ಸೇರಿದುವು.

ಇದರ ಬೆಳ್ಳಿ ಬಹುಮಟ್ಟಿಗೆ ಆಟಿಕದೇಶದ ದಕ್ಷಿಣದ ತುದಿಯಲ್ಲಿರುವ ಲಾರಿಯಮ್ ಗಣಿಗಳದು. ಕ್ರಿ. ಪೂ. ೪೮೩ರ ಸುಮಾರಿಗೆ ಅಲ್ಲಿ ಸಮೃದ್ಧವಾದ ಹೊಸ ಅದಿರು ದೊರೆಯಿತು. ಆ ದ್ರವ್ಯವನ್ನು ಪೌರರಿಗೆ ಹಂಚದೆ ನೌಕೆಗಳನ್ನು ಕಟ್ಟಿಸಬೇಕೆಂದು ಥೆಮಿಸ್ಟೋಕ್ಲೀಸನು ಜನರನ್ನು ಒಪ್ಪಿಸಿದನು; ಆ ನೌಕಾಬಲದಿಂದಲೇ ೪೮೦ರಲ್ಲಿ ಸಲಾಮಿಸ್ ಕಾಳಗವನ್ನು ಗೆದ್ದುದು. ೪೫೪ರಲ್ಲಿ ಮಿತ್ರರಾಜ್ಯಗಳ ಭಂಡಾರವು ಡೀಲಾಸ್ ದ್ವೀಪದಿಂದ ಆಥೆನ್ಸಿಗೆ ಬಂದ ಮೇಲೆ ಈ ನಾಣ್ಯಗಳು ಅಪಾರಸಂಖ್ಯೆಯಲ್ಲಿ ಅಚ್ಚಾದುವು. ಈಜಿಪ್ಟ್, ಸಿರಿಯ ಮೊದಲಾದ ದೂರದೇಶಗಳಲ್ಲಿಯೂ ಸಲ್ಲುತ್ತಿದ್ದುವು. ಆಥೆನ್ಸಿನ ಬೆಳ್ಳಿಯನ್ನು ಕೊಂಡುಹೋದ ವರ್ತಕನಿಗೆ ಎಲ್ಲಿ ಮಾರಿದರೂ ಲಾಭವೇ ಎಂಬ ಅಭಿಪ್ರಾಯವನ್ನು ಕ್ಸೆನೊಫಾನನು ತನ್ನ ಆದಾಯವಿಷಯಕ ಗ್ರಂಥದಲ್ಲಿ ಹೇಳಿದ್ದಾನೆ.

ಪರದೇಶದವರ ಈ ವಿಶ್ವಾಸದಿಂದ ನಾಣ್ಯದ ರೂಪದಲ್ಲಿ ಒಂದು ವಿಶೇಷವುಂಟಾಯಿತು. ಆಥೆನ್ಸಿನ ಶಿಲ್ಪಿಗಳು ಪಾರ್ಥೆನಾನ್ ದೇವಾಲಯದ ಪ್ರತಿಮೆಗಳನ್ನು ಕಡೆಯುತ್ತಿದ್ದ ಕಾಲದಲ್ಲಿಯೂ ನಾಣ್ಯದ ದೇವಿ ಹಳೆಯ ಕಾಲದ ಮುಗುಳ್ನಗೆಯನ್ನು ಬಿಡಲಿಲ್ಲ. ಮುಖವು ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದಂತೆ ಬಾದಾಮಿಯ ಆಕಾರದಲ್ಲಿಯೇ ಉಳಿಯಿತು. ಪಕ್ಕದಿಂದ ನೋಡಿದಂತೆ ಕಣ್ಣನ್ನು ಸಹಜವಾಗಿ ಬಿಡಿಸುವುದು ನಾಲ್ಕನೆಯ ಶತಮಾನದ ನಾಣ್ಯಗಳಲ್ಲಿ ಮಾತ್ರ ಕಾಣುತ್ತದೆ.

ಅಕ್ಷರಗಳ ವಿಷಯವೂ ಹೀಗೆಯೇ. ನಗರದ ಹೆಸರನ್ನು ಸೂಚಿಸುವ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರಗಳು ನಾಣ್ಯದ ಮೇಲಿವೆ. ಆಟಿಕದ ಹಳೆಯ ಲಿಪಿಯಲ್ಲಿ ಎಕಾರದ ಹ್ರಸ್ವದೀರ್ಘಗಳೆರಡಕ್ಕೂ ಎಪ್ಸಿಲಾನ್ ಒಂದೇ ಅಕ್ಷರವಾಗಿದ್ದಿತು. ಕ್ರಿ. ಪೂ. ೪೦೩ರಲ್ಲಿ ಅಯೋನಿಯದ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿದ ಮೇಲೆ ದೀರ್ಘಕ್ಕೆ ಈಟಾ ಎಂಬ ಬೇರೆ ಅಕ್ಷರ ಬಂದಿತು. ಆದರೂ ನಾಣ್ಯದಲ್ಲಿ ಹಳೆಯ ಎಪ್ಸಿಲಾನೇ ನಿಂತಿತು. ವ್ಯಾಕರಣವನ್ನು ಬಲ್ಲ ಕೂಟಕಾರನೊಬ್ಬನು ಇಲ್ಲಿ ಈಟಾವನ್ನು ಕೆತ್ತಿದರೆ ಅವನ ಪಾಂಡಿತ್ಯವೇ ಅವನನ್ನು ಹಿಡಿದುಕೊಡುತ್ತದೆ. ಕನ್ನಡದಲ್ಲಿ ಱಕಾರ ೞಕಾರಗಳ ಸ್ಥಾನವನ್ನು ನೋಡಿ ಶಾಸನದ ಕಾಲವನ್ನು ವಿಚಾರಮಾಡುವವರಿಗೆ ಈ ಯುಕ್ತಿ ಹೊಸದಲ್ಲ.

೩. ಆಥೆನ್ಸಿನ ಪರೀಕ್ಷಕ

ನಾಣ್ಯದ ಸತ್ಯಾಸತ್ಯಗಳನ್ನು ಕುರಿತ ಸಂಶಯವು ಇಂದಿನ ಸಂಗ್ರಾಹಕರಲ್ಲಿ ಹುಟ್ಟಿದುದಲ್ಲ. ಅದು ನಾಣ್ಯದಷ್ಟೇ ಹಳೆಯದು. ಸಾಮಾಸ್ ದ್ವೀಪದ ಪಾಲಿಕ್ರಟೀಸನು ಸೀಸಕ್ಕೆ ಚಿನ್ನದ ಲೇಪವನ್ನು ಕೊಟ್ಟು ನಾಣ್ಯಗಳನ್ನು ಮಾಡಿಸಿ ಸ್ಪಾರ್ಟದವರಿಗೆ ಕೊಟ್ಟನೆಂಬ ಐತಿಹ್ಯವನ್ನು ಹೆರೊಡೊಟಸನು ಹೇಳಿ, ಅದು ನಂಬತಕ್ಕುದಲ್ಲವೆಂದು ತಾನೇ ಸೇರಿಸಿದ್ದಾನೆ.

ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಆಧಾರವು ೧೯೭೦ರಲ್ಲಿ ಆಥೆನ್ಸಿನ ಅಗೊರಾ ಎಂಬ ಪ್ರಾಚೀನ ಪೇಟೆಯನ್ನು ಅಗೆಯುವಾಗ ದೊರೆತ ಅಮೃತಶಿಲೆಯ ಶಾಸನ. ಇದನ್ನು ೧೯೭೪ರಲ್ಲಿ ರೊನಾಲ್ಡ್ ಸ್ಟ್ರೌಡ್ ಪ್ರಕಟಿಸಿದರು. ನಿಕೊಫಾನನೆಂಬುವನು ಕ್ರಿ. ಪೂ. ೩೭೫-೩೭೪ರಲ್ಲಿ ಮಂಡಿಸಿದ ಬೆಳ್ಳಿಯ ನಾಣ್ಯಗಳ ವಿಧಿ ಇದರಲ್ಲಿದೆ. ಅದರ ತಾತ್ಪರ್ಯವಿದು. ರಾಜಮುದ್ರೆಯ ಸ್ಥಾನದಲ್ಲಿರುವ ನಗರಮುದ್ರೆಯನ್ನು ಹೊಂದಿ ನಿಜವಾದ ಬೆಳ್ಳಿಯಾಗಿರುವ ಆಟಿಕ ನಾಣ್ಯವನ್ನು ಎಲ್ಲರೂ ಸ್ವೀಕರಿಸತಕ್ಕುದು. ನಗರದ ದಾಸನಾದ ಪರೀಕ್ಷಕನು ಚಿನಿವಾರರ ಮೇಜುಗಳ ನಡುವೆ ಕುಳಿತು ತಂದ ನಾಣ್ಯಗಳನ್ನು ನೋಡತಕ್ಕುದು. ಒಳಗೆ ತಾಮ್ರವಾಗಲಿ ಸೀಸವಾಗಲಿ ಇದ್ದರೆ, ಅಥವಾ ನಾಣ್ಯವು ಕೂಟವಾಗಿದ್ದರೆ, ಅಲ್ಲಿಯೇ ಅದನ್ನು ಅಡ್ಡಲಾಗಿ ಕಡಿದು ದೇವಮಾತೆಗೆ ಅರ್ಪಿತವೆಂದು ನಗರಸಭೆಗೆ ಒಪ್ಪಿಸತಕ್ಕುದು. ಪರೀಕ್ಷಕನು ತನ್ನ ಸ್ಥಾನದಲ್ಲಿ ಕುಳಿತುಕೊಳ್ಳದಿದ್ದರೆ ಅಥವಾ ವಿಧಿಯಂತೆ ಪರೀಕ್ಷಿಸದಿದ್ದರೆ ಅವನಿಗೆ ೫೦ ಚಾವಟಿಯ ಏಟುಗಳು. ಪರೀಕ್ಷಕನು ಒಪ್ಪಿದ ನಾಣ್ಯವನ್ನು ವ್ಯಾಪಾರಿಯು ಬೇಡವೆಂದರೆ ಆ ದಿನ ಅವನು ಮಾರಾಟಕ್ಕಿಟ್ಟ ಸರಕೆಲ್ಲವೂ ಮುಟ್ಟುಗೋಲು. ಪಿರೇಯಸ್ ಬಂದರಿನಲ್ಲಿ ನಾವಿಕರಿಗೂ ವರ್ತಕರಿಗೂ ಇಂತಹನೇ ಮತ್ತೊಬ್ಬ ಪರೀಕ್ಷಕನನ್ನು ನೇಮಿಸತಕ್ಕುದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಟಿಕ ನಾಣ್ಯದ ಮುದ್ರೆಯನ್ನೇ ಹೊತ್ತ ಪರದೇಶದ ಬೆಳ್ಳಿ ಬಂದರೆ ಅದನ್ನು ಕಡಿಯದೆ ತಂದವನಿಗೆ ಹಿಂದಕ್ಕೆ ಕೊಡಬೇಕೆಂದು ವಿಧಿಯಿದೆ. ಈ ಪಂಕ್ತಿಯಲ್ಲಿ ಕೆಲವು ಅಕ್ಷರಗಳು ಅಳಿದುಹೋಗಿವೆ. ನಾಣ್ಯವು ಒಳ್ಳೆಯದಾಗಿದ್ದರೆ ಎಂದು ಸ್ಟ್ರೌಡರು ಪೂರಣಮಾಡಿದರು. ಇದನ್ನು ಒಪ್ಪದವರೂ ಇದ್ದಾರೆ. ಪೂರಣವು ಹೇಗೇ ಇರಲಿ, ಆ ಕಾಲದ ಪರೀಕ್ಷಕನ ಮುಂದೆ ಎರಡಲ್ಲ, ಮೂರು ಕೋಟಿಗಳಿದ್ದುವೆಂಬುದು ಸ್ಪಷ್ಟ: ನಗರದ ಒಳ್ಳೆಯ ನಾಣ್ಯ, ಹೊರಗಿನವರು ಅಚ್ಚುಹಾಕಿದ ಬೆಳ್ಳಿ, ಒಳಗೆ ಕೀಳುಲೋಹವಿರುವ ಹುಸಿ.

೪. ಅರ್ಥಶಾಸ್ತ್ರದ ರೂಪದರ್ಶಕ

ಈ ಶಾಸನವನ್ನು ಓದಿದ ಸಂಸ್ಕೃತಜ್ಞರಿಗೆ ಕೌಟಿಲೀಯ ಅರ್ಥಶಾಸ್ತ್ರದ ರೂಪದರ್ಶಕನು ನೆನಪಿಗೆ ಬಾರದೆ ಇರನು. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಆ ಗ್ರಂಥದಲ್ಲಿ ಟಂಕಸಾಲೆಯ ಅಧಿಕಾರಿಗೆ ಲಕ್ಷಣಾಧ್ಯಕ್ಷನೆಂದೂ ನಾಣ್ಯವನ್ನು ನೋಡುವವನಿಗೆ ರೂಪದರ್ಶಕನೆಂದೂ ಹೆಸರು. ಸಲ್ಲತಕ್ಕ ನಾಣ್ಯವನ್ನು ಸಲ್ಲದೆಂದರೂ, ಸಲ್ಲದುದನ್ನು ಸಲ್ಲಿಸಿದರೂ ರೂಪದರ್ಶಕನಿಗೆ ೧೨ ಪಣ ದಂಡ. ಕೂಟನಾಣ್ಯವನ್ನು ಮಾಡಿಸಿದವನಿಗೂ ತೆಗೆದುಕೊಂಡವನಿಗೂ ಚಲಾವಣೆ ಮಾಡಿದವನಿಗೂ ೧೦೦೦ ಪಣ ದಂಡ. ಅದನ್ನು ರಾಜಕೋಶದಲ್ಲಿ ಹಾಕಿದವನಿಗೆ ವಧೆ.

ಎರಡು ದೇಶಗಳ ವಿಧಿಗಳಲ್ಲಿಯೂ ಪರೀಕ್ಷಕನೇ ಮೊದಲು ದಂಡಕ್ಕೆ ಅರ್ಹನಾಗಿರುವುದು ಸ್ವಾರಸ್ಯವಾದುದು. ಹುಸಿಯನ್ನು ಒಪ್ಪುವುದು ಎಷ್ಟು ದೋಷವೋ ಸತ್ಯವನ್ನು ತಳ್ಳುವುದೂ ಅಷ್ಟೇ ದೋಷವೆಂದು ಕೌಟಿಲ್ಯನು ಸ್ಪಷ್ಟವಾಗಿಯೇ ವಿಧಿಸಿದ್ದಾನೆ. ಇಂದಿನ ಪರೀಕ್ಷಕರಲ್ಲಿ ಕೆಲವರು ಸಂಶಯವನ್ನೇ ಪಾಂಡಿತ್ಯವೆಂದು ಭಾವಿಸಿ ಕಂಡುದನ್ನೆಲ್ಲ ಕೂಟವೆನ್ನುವುದುಂಟು. ಅವರಿಗೂ ಆ ೧೨ ಪಣಗಳು ಸಲ್ಲತಕ್ಕುವೇ.

ಆದರೆ ಎರಡು ನಾಣ್ಯಗಳ ಲೋಹಗಳಲ್ಲಿ ಭೇದವಿದೆ. ಅರ್ಥಶಾಸ್ತ್ರದ ಬೆಳ್ಳಿಯ ಪಣದಲ್ಲಿ ೧೬ ಭಾಗಕ್ಕೆ ೪ ಭಾಗ ತಾಮ್ರವೂ ೧ ಭಾಗ ಇತರ ಲೋಹವೂ ವಿಧಿಯಿಂದಲೇ ಸೇರಿವೆ. ಬೆಳ್ಳಿ ೧೧ ಭಾಗ ಮಾತ್ರ. ಆಥೆನ್ಸಿನ ನಾಣ್ಯವಾದರೋ ಹೆಚ್ಚುಕಡಮೆ ಶುದ್ಧವಾದ ಬೆಳ್ಳಿ. ತಾಮ್ರವು ಕಂಡುಬಂದ ಮಾತ್ರಕ್ಕೆ ಕೂಟವೆಂಬ ವ್ಯಾಪ್ತಿಯು ಎಲ್ಲ ದೇಶಗಳಿಗೂ ಸಲ್ಲದು. ಆಯಾ ಟಂಕಸಾಲೆಯ ವಿಧಿಯನ್ನು ತಿಳಿದ ಮೇಲೆಯೇ ಹೇತುವನ್ನು ಹೇಳಬೇಕು.

೫. ಹುಸಿಯ ಪ್ರಭೇದಗಳು

ಹುಸಿ ಎಂಬ ಒಂದೇ ಮಾತಿನಿಂದ ವಿಭಿನ್ನವಾದ ವಸ್ತುಗಳನ್ನು ಕರೆಯುವುದರಿಂದ ಬಹಳ ಗೊಂದಲವಾಗಿದೆ. ಗೂಬೆಯ ನಾಣ್ಯದ ವಿಷಯದಲ್ಲಿ ಐದು ಬಗೆಗಳನ್ನಾದರೂ ಬೇರ್ಪಡಿಸಬೇಕಾಗುತ್ತದೆ.

ಮೊದಲನೆಯದು ಪ್ರಾಚೀನ ಕಾಲದ ಕಳ್ಳರು ಮಾಡಿದ ಲೇಪನಾಣ್ಯ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳುವಾದ ತಗಡನ್ನು ಹೊದಿಸಿ, ಕಾಸಿ, ಅಚ್ಚೊತ್ತಿದುದು. ಎರಡನೆಯದೂ ಲೇಪನಾಣ್ಯವೇ, ಆದರೆ ಮಾಡಿದುದು ಸರಕಾರ. ಪೆಲೊಪೊನೀಸಿಯನ್ ಯುದ್ಧದ ಕೊನೆಯಲ್ಲಿ ಗಣಿಗಳ ಬೆಳ್ಳಿ ನಿಂತುಹೋಗಿ, ದೇವಾಲಯದ ಚಿನ್ನದ ಪ್ರತಿಮೆಗಳನ್ನು ಕರಗಿಸಬೇಕಾದ ದುರ್ದಿನಗಳಲ್ಲಿ, ಕ್ರಿ. ಪೂ. ೪೦೬ರ ಸುಮಾರಿಗೆ ಆಥೆನ್ಸಿನವರು ತಾಮ್ರಕ್ಕೆ ಬೆಳ್ಳಿಯ ಲೇಪವನ್ನು ಕೊಟ್ಟು ನಾಣ್ಯಗಳನ್ನು ಹೊರಡಿಸಿದರು. ೪೦೫ರಲ್ಲಿ ಪ್ರಯೋಗವಾದ ‘ಕಪ್ಪೆಗಳು’ ಎಂಬ ಪ್ರಹಸನದಲ್ಲಿ ಆರಿಸ್ಟೊಫನೀಸನು ಈ ಹೊಸ ನಾಣ್ಯಗಳನ್ನು ಹಳಿದು, ಪೌರರು ಸಜ್ಜನರನ್ನು ಬಿಟ್ಟು ನೀಚರನ್ನು ಆದರಿಸುವುದಕ್ಕೆ ಅವುಗಳನ್ನು ಉಪಮಾನವಾಗಿ ಹಿಡಿದಿದ್ದಾನೆ.

ಮೂರನೆಯದು ಈಜಿಪ್ಟ್, ಸಿರಿಯಾ ತೀರ, ಅರೇಬಿಯ ಮೊದಲಾದ ಕಡೆಗಳಲ್ಲಿ ಆಥೆನ್ಸಿನ ಮಾದರಿಯಂತೆ ಅಚ್ಚುಹಾಕಿದ ಬೆಳ್ಳಿಯ ನಾಣ್ಯ. ಈಜಿಪ್ಟಿನಲ್ಲಿ ಪಾರಸಿಕರ ದೊರೆ ಅರ್ತಕ್ಸೆರ್ಕ್ಸೀಸನ ಹೆಸರನ್ನು ಆ ದೇಶದ ಡಿಮಾಟಿಕ್ ಲಿಪಿಯಲ್ಲಿ ಕೆತ್ತಿದ ಗೂಬೆಯ ನಾಣ್ಯಗಳೂ ಇವೆ. ಇವು ಆಥೆನ್ಸಿನವಲ್ಲ, ಆದರೂ ಕೂಟವೆನ್ನುವುದು ಅನ್ಯಾಯ. ನಾಲ್ಕನೆಯದು ಮೋಸದ ಉದ್ದೇಶವಿಲ್ಲದೆ ವಸ್ತುಸಂಗ್ರಹಾಲಯಗಳಿಗಾಗಿ ಮಾಡಿದ ಪ್ರತಿಕೃತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ರಾಬರ್ಟ್ ರೆಡಿ ವಿದ್ಯುತ್ತಿನ ಸಹಾಯದಿಂದ ಎರಡು ಮುಖಗಳ ಚಿಪ್ಪುಗಳನ್ನು ಬೇರೆಬೇರೆಯಾಗಿ ಮಾಡಿ ಕೂಡಿಸುತ್ತಿದ್ದನು. ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಅಂಚಿನಲ್ಲಿ ಒತ್ತಿರುವುದುಂಟು. ಆ ಗುರುತನ್ನು ಅರದಿಂದ ಉಜ್ಜಿದವನ ಕೈಯಲ್ಲಿ ಪ್ರತಿಕೃತಿಯು ಕೂಟವಾಗುತ್ತದೆ. ಐದನೆಯದು ಸಂಗ್ರಾಹಕರನ್ನು ವಂಚಿಸಲು ಇತ್ತೀಚಿನ ಕಾಲದಲ್ಲಿ ಮಾಡಿದುದು.

ಮೊದಲನೆಯ ಮತ್ತು ಎರಡನೆಯ ಬಗೆಗಳನ್ನು ನಿಕೊಫಾನನ ಪರೀಕ್ಷಕನು ಕಡಿದು ಬಿಸುಡಬೇಕಾಗಿದ್ದಿತು. ಇಂದಿನ ಚರಿತ್ರಕಾರನಿಗೆ ಅವು ರತ್ನಗಳು; ಏಕೆಂದರೆ ಒಂದು ನಗರದ ದಾರಿದ್ರ್ಯಕ್ಕೆ ಅವುಗಳಿಗಿಂತ ಪ್ರತ್ಯಕ್ಷವಾದ ಸಾಕ್ಷಿಯಿಲ್ಲ. ಪೇಟೆಯ ಪರೀಕ್ಷಕನು ಇದು ಸಲ್ಲುವುದೇ ಎಂದು ಕೇಳಿದನು; ಚರಿತ್ರೆಯ ಪರೀಕ್ಷಕನು ಇದು ಯಾವಾಗ, ಎಲ್ಲಿ, ಯಾರಿಂದ ಆದುದು ಎಂದು ಕೇಳುತ್ತಾನೆ. ಪ್ರಶ್ನೆಯು ಬೇರೆಯಾದುದರಿಂದ ಸತ್ಯವೆಂಬ ಮಾತಿನ ಅರ್ಥವೂ ಬೇರೆಯಾಗುತ್ತದೆ.

೬. ಕಣ್ಣು, ತಕ್ಕಡಿ, ನೀರು

ಪರೀಕ್ಷೆಯ ಮೊದಲ ಹೆಜ್ಜೆ ಕಣ್ಣಿನದು. ಪ್ರಾಚೀನ ನಾಣ್ಯವು ಎರಕದ್ದಲ್ಲ, ಒತ್ತಿದುದು. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ನಿಲ್ಲಿಸಿ, ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ರೂಪವು ಹೊಡೆದು ಮೂಡಿಸಿದುದಾದುದರಿಂದಲೇ ರೂಪ್ಯವೆಂಬ ಹೆಸರು ಬಂದಿತೆಂದು ಪಾಣಿನೀಯದಿಂದಲೂ ತಿಳಿಯುತ್ತದೆ. ಪೆಟ್ಟಿಗೆ ಸಿಕ್ಕಿದ ಲೋಹವು ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಸೂಕ್ಷ್ಮರೇಖೆಗಳು ಅಕ್ಷರಗಳ ಬಳಿ ಭೂತಗನ್ನಡಿಯಲ್ಲಿ ಕಾಣುತ್ತವೆ. ದಪ್ಪವಾದ ಬಿಲ್ಲೆಯ ಅಂಚು ಅಲ್ಲಲ್ಲಿ ಸೀಳುವುದುಂಟು. ಎರಕದ ಹುಸಿಯಲ್ಲಿ ಇವು ಇರವು. ಅದರ ಮೈಯಲ್ಲಿ ಗಾಳಿಗುಳ್ಳೆಗಳ ಚಿಕ್ಕ ಕುಳಿಗಳು, ಸಾಬೂನು ಸವೆದಂತೆ ಮೊಂಡಾದ ಗೆರೆಗಳು, ಅಂಚಿನಲ್ಲಿ ಎರಡು ಅರೆಯಚ್ಚುಗಳು ಕೂಡಿದ ಕಡೆ ಅರದಿಂದ ಉಜ್ಜಿದ ಗುರುತು ಇವು ಕಾಣುತ್ತವೆ. ಅಂಚನ್ನು ನೋಡದೆ ಎರಡು ಮುಖಗಳನ್ನು ಮಾತ್ರ ಚಿತ್ರದಲ್ಲಿ ನೋಡಿ ತೀರ್ಪನ್ನು ಹೇಳುವುದು ಮೊದಲ ಓಲೆಯನ್ನೂ ಕಡೆಯ ಓಲೆಯನ್ನೂ ಓದಿ ಗ್ರಂಥಕ್ಕೆ ವ್ಯಾಖ್ಯಾನ ಬರೆದಂತೆ.

ಎರಡನೆಯದು ತೂಕ. ಸರಿಯಾಗಿ ಉಳಿದಿರುವ ನಾಣ್ಯವು ೧೭.೨ ಗ್ರಾಮಿಗೆ ಬಹಳ ದೂರ ಹೋಗದು. ಕರಗಿದ ಲೋಹವು ಆರುವಾಗ ಕುಗ್ಗುವುದರಿಂದ ಎರಕದ ನಾಣ್ಯವು ಮೂಲಕ್ಕಿಂತ ಕಿರಿದಾಗಿರುತ್ತದೆ. ಆದರೆ ನಿಜವಾದ ನಾಣ್ಯವೂ ಸವೆತದಿಂದಲೋ ಮಣ್ಣಿನ ಲವಣಗಳಿಂದಲೋ ತೂಕವನ್ನು ಕಳೆದುಕೊಳ್ಳಬಹುದಾದುದರಿಂದ ಕೊರತೆಯೊಂದೇ ಸಾಕಾದ ಹೇತುವಲ್ಲ.

ಮೂರನೆಯದು ನೀರು. ಸಿರಕ್ಯೂಸಿನ ದೊರೆ ಹೀರಾನನ ಕಿರೀಟವನ್ನು ಆರ್ಕಿಮಿಡೀಸನು ನೀರಿನಿಂದ ಪರೀಕ್ಷಿಸಿದ ಕಥೆಯನ್ನು ವಿಟ್ರೂವಿಯಸನು ಹೇಳಿದ್ದಾನೆ. ಅದೇ ನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಬೆಳ್ಳಿಯು ಸಮಗಾತ್ರದ ನೀರಿಗಿಂತ ೧೦.೫ ಪಾಲು ಭಾರ, ತಾಮ್ರವು ಸುಮಾರು ೯ ಪಾಲು, ಸೀಸವು ೧೧.೩ ಪಾಲು. ನಾಣ್ಯವನ್ನು ಮೊದಲು ಗಾಳಿಯಲ್ಲಿಯೂ ಅನಂತರ ನೂಲಿನಿಂದ ನೀರಿನಲ್ಲಿ ತೂಗಹಾಕಿಯೂ ತೂಗಬೇಕು. ೧೭.೨ ಗ್ರಾಮಿನ ಶುದ್ಧವಾದ ಬೆಳ್ಳಿಯು ನೀರಿನಲ್ಲಿ ೧.೬೪ ಗ್ರಾಮನ್ನು ಕಳೆದುಕೊಳ್ಳುತ್ತದೆ. ತೂಕದಲ್ಲಿ ಅರ್ಧ ತಾಮ್ರವಾದರೆ ೧.೭೮ ಗ್ರಾಮನ್ನು. ಈ ಅಂತರವು ಒಳ್ಳೆಯ ತಕ್ಕಡಿಯಲ್ಲಿ ನಿಸ್ಸಂಶಯವಾಗಿ ತಿಳಿಯುತ್ತದೆ. ನಾಣ್ಯಕ್ಕೆ ಇದರಿಂದ ಲೇಶವೂ ಹಾನಿಯಿಲ್ಲ. ಆದರೂ ಸೀಸವನ್ನು ತವರದಂತಹ ಹಗುರವಾದ ಲೋಹದೊಡನೆ ಹದವಾಗಿ ಬೆರಸಿ ಬೆಳ್ಳಿಯ ಭಾರಕ್ಕೆ ಸರಿಮಾಡಬಹುದಾದುದರಿಂದ ಈ ಹೇತುವಿಗೂ ವ್ಯಭಿಚಾರವುಂಟು.

ಒರೆಗಲ್ಲನ್ನು ಕುರಿತು ಒಂದು ಮಾತು. ಲಿಡಿಯದ ಟ್ಮೋಲಸ್ ನದಿಯಲ್ಲಿ ದೊರೆಯುವ ಒರೆಗಲ್ಲಿನ ಗುಣವನ್ನು ಥಿಯೊಫ್ರಾಸ್ಟಸನು ವರ್ಣಿಸಿದ್ದಾನೆ. ಆದರೆ ಒರೆಯು ಮೇಲ್ಮೈಯನ್ನು ಮಾತ್ರ ಹೇಳುವುದರಿಂದ ಲೇಪನಾಣ್ಯವು ಅದನ್ನು ಸುಲಭವಾಗಿ ವಂಚಿಸುತ್ತದೆ. ಆದಕಾರಣವೇ ಪ್ರಾಚೀನರು ಉಳಿಯನ್ನು ಹಿಡಿದುದು. ಈಜಿಪ್ಟ್ ಮತ್ತು ಸಿರಿಯಾ ಕಡೆಗಳಲ್ಲಿ ದೊರೆತ ಗೂಬೆಯ ನಾಣ್ಯಗಳಲ್ಲಿ ಉಳಿಯ ಪೆಟ್ಟನ್ನು ತಿಂದುವು ಬಹಳ. ಅಲ್ಲಿ ಬೆಳ್ಳಿಯನ್ನು ತೂಕಕ್ಕೆ ಕೊಳ್ಳುತ್ತಿದ್ದುದರಿಂದ ರೂಪವು ಕೆಟ್ಟರೂ ಚಿಂತೆಯಿರಲಿಲ್ಲ. ಆಥೆನ್ಸಿನಲ್ಲಿ ಕಡಿತವು ತಿರಸ್ಕಾರದ ಗುರುತು. ಪೂರ್ವದೇಶಗಳಲ್ಲಿ ಅದು ಶೋಧನೆಯ ಗುರುತು. ಇಂದಿನ ಕೂಟಕಾರನು ನಂಬಿಕೆಯನ್ನು ಹುಟ್ಟಿಸಲು ತಾನೇ ಅಂತಹ ಪೆಟ್ಟನ್ನು ಹಾಕಬಲ್ಲನೆಂಬುದನ್ನೂ ಮರೆಯಲಾಗದು.

೭. ಅಚ್ಚಿನ ಸಾಕ್ಷ್ಯ

ಪ್ರಾಚೀನರ ಅಚ್ಚುಗಳು ಕೈಯಿಂದ ಕೆತ್ತಿದುವು; ಒಂದರಂತೆ ಇನ್ನೊಂದಿಲ್ಲ. ಒಂದು ಅಚ್ಚಿನಿಂದ ಸಾವಿರಾರು ನಾಣ್ಯಗಳನ್ನು ಒತ್ತಬಹುದು. ಆದುದರಿಂದ ಸಂಶಯಕ್ಕೆ ಗುರಿಯಾದ ನಾಣ್ಯದ ದೇವಿಯ ಕೂದಲಿನ ಸುರುಳಿಗಳೂ ಗೂಬೆಯ ಗರಿಗಳೂ ಶಾಸ್ತ್ರೀಯವಾಗಿ ಅಗೆದು ತೆಗೆದ ನಾಣ್ಯವೊಂದರ ಸುರುಳಿಗಳಿಗೂ ಗರಿಗಳಿಗೂ ರೇಖೆಗೆ ರೇಖೆಯಾಗಿ ಹೊಂದಿದರೆ, ಎರಡೂ ಒಂದೇ ಅಚ್ಚಿನ ಮಕ್ಕಳೆಂದು ಹೇಳಬಹುದು. ಇದು ಸತ್ಯದ ಪಕ್ಷಕ್ಕೆ ಬಲವಾದ ಹೇತು.

ಆದರೆ ಇದೇ ಹೊಂದಿಕೆಯು ಒಂದು ಮಿತಿಯನ್ನು ದಾಟಿದರೆ ವಿರುದ್ಧಹೇತುವಾಗುತ್ತದೆ. ಅಚ್ಚಿನಲ್ಲಿದ್ದುದು ಎಲ್ಲ ನಾಣ್ಯಗಳಲ್ಲಿಯೂ ಬರಬೇಕು; ಒತ್ತುವಾಗ ಮತ್ತು ಒತ್ತಿದ ಮೇಲೆ ಆದ ಆಕಸ್ಮಿಕಗಳು ಒಂದರಲ್ಲಿ ಮಾತ್ರ ಇರಬೇಕು. ಬಿಲ್ಲೆಯು ಎಷ್ಟು ಓರೆಯಾಗಿ ಕುಳಿತಿದ್ದಿತು, ಪೆಟ್ಟು ಎಲ್ಲಿ ಮೆಲುವಾಯಿತು, ಅಂಚು ಎಲ್ಲಿ ಸೀಳಿತು, ಚಲಾವಣೆಯಲ್ಲಿ ಎಲ್ಲಿ ಗೀರುಬಿದ್ದಿತು, ಇವೆಲ್ಲ ಆಕಸ್ಮಿಕಗಳು. ಎರಡು ನಾಣ್ಯಗಳಲ್ಲಿ ಇಂತಹ ಆಕಸ್ಮಿಕಗಳೂ ಒಂದೇ ಆಗಿದ್ದರೆ, ಅವುಗಳಲ್ಲಿ ಒಂದಾದರೂ, ಕೆಲವು ವೇಳೆ ಎರಡೂ, ಮತ್ತೊಂದು ನಾಣ್ಯದಿಂದ ತೆಗೆದ ಅಚ್ಚಿನಲ್ಲಿ ಹುಟ್ಟಿದುವೆಂಬುದು ನಿಶ್ಚಯ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ವಿವೇಕವು ಸುಲಭವಾಗಿ ತಿಳಿಯುತ್ತದೆ. ಎರಡು ಪ್ರತಿಗಳಲ್ಲಿ ಕವಿಯ ಪಾಠವು ಸಮಾನವಾಗಿದ್ದರೆ ವಿಶೇಷವೇನೂ ಇಲ್ಲ. ಲಿಪಿಕಾರನ ಪ್ರಮಾದವು ಸಮಾನವಾಗಿದ್ದರೆ ಎರಡಕ್ಕೂ ಒಂದೇ ಮಾತೃಕೆಯೆಂದೋ, ಒಂದನ್ನು ನೋಡಿ ಮತ್ತೊಂದನ್ನು ಬರೆದರೆಂದೋ ಹೇಳಬೇಕು. ಒಂದು ಓಲೆಯ ಮುರಿದ ಮೂಲೆಯು ಮತ್ತೊಂದು ಪ್ರತಿಯಲ್ಲಿಯೂ ಅದೇ ಆಕಾರದಲ್ಲಿ ಮುರಿದು ಕಂಡರೆ ಅದು ಪ್ರತಿಯಲ್ಲ, ಪ್ರತಿಬಿಂಬ. ಗುಣದಲ್ಲಿ ಸಾಮ್ಯವು ಕುಲವನ್ನು ತಿಳಿಸುತ್ತದೆ. ದೋಷದಲ್ಲಿ ಸಾಮ್ಯವು ನಕಲನ್ನು ತಿಳಿಸುತ್ತದೆ. ಒಂಟಿಯಾಗಿ ನೋಡಿದರೆ ನಿರ್ದೋಷವಾಗಿ ಕಾಣುವ ಹುಸಿಯು ತನ್ನ ಅವಳಿಯು ಪೇಟೆಗೆ ಬಂದ ದಿನ ಸಿಕ್ಕಿಬೀಳುವುದು ಇದರಿಂದಲೇ. ಸಂಗ್ರಹಗಳ ಚಿತ್ರಸಹಿತವಾದ ಸೂಚಿಗಳು ಪರೀಕ್ಷಕನಿಗೆ ನಿಘಂಟಿನಷ್ಟು ಆವಶ್ಯಕವಾಗಿರುವುದೂ ಇದರಿಂದಲೇ.

೮. ಲೋಹದ ಸಾಕ್ಷ್ಯ

ಲಾರಿಯಮ್ಮಿನ ಬೆಳ್ಳಿಯು ಸೀಸದ ಅದಿರಿನೊಳಗೆ ಅಡಗಿರುವುದು. ಅದಿರನ್ನು ಕರಗಿಸಿ, ಬಂದ ಸೀಸವ��್ನು ಗಾಳಿಯೂದುವ ಕುಲುಮೆಯಲ್ಲಿ ಬೂದಿಯಾಗಿಸಿದರೆ ಬೆಳ್ಳಿಯು ಉಳಿಯುತ್ತದೆ. ಈ ಕ್ರಮದಲ್ಲಿ ಎಷ್ಟು ಶೋಧಿಸಿದರೂ ಸೀಸದ ಲೇಶವೂ ಚಿನ್ನದ ಲೇಶವೂ ಉಳಿದೇ ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಿದ್ಯುತ್ತಿನ ಸಹಾಯದಿಂದ ಶೋಧಿಸುವ ಬೆಳ್ಳಿಯಲ್ಲಿ ಇವು ಹೆಚ್ಚುಕಡಮೆ ಇಲ್ಲ. ಆದುದರಿಂದ ಅತಿಶುದ್ಧತೆಯೇ ಹುಸಿಯ ಲಕ್ಷಣವಾಗಬಹುದು. ೧೯೬೨ರಲ್ಲಿ ಕ್ರೇ ಮತ್ತು ಎಮೆಲಿಯಸ್ ಎಂಬ ವಿದ್ವಾಂಸರು ನ್ಯೂಟ್ರಾನ್ ಕಣಗಳ ಪ್ರಯೋಗದಿಂದ ನಾಣ್ಯವನ್ನು ಕೆಡಿಸದೆ ಅದರೊಳಗಿನ ಲೋಹಾಂಶಗಳನ್ನು ಅಳೆದು, ಗ್ರೀಕರ ಬೆಳ್ಳಿಯ ನಾಣ್ಯಗಳ ವಿಷಯದಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆಥೆನ್ಸಿನ ಗೂಬೆಗಳಲ್ಲಿ ಚಿನ್ನದ ಅಂಶವು ಅತ್ಯಲ್ಪವೆಂದು ತಿಳಿದುಬಂದಿತು. ಸೀಸದ ಸಮಸ್ಥಾನಿಗಳ ಪ್ರಮಾಣವನ್ನು ಅಳೆದರೆ ಬೆಳ್ಳಿಯು ಯಾವ ಗಣಿಯದೆಂಬುದನ್ನೂ ಊಹಿಸಬಹುದು. ಈಗ ಸಾಮಾನ್ಯವಾಗಿರುವ ಕ್ಷಕಿರಣದ ಪರೀಕ್ಷೆಯು ಸುಲಭವಾದುದು. ಆದರೆ ಅದು ಮೇಲ್ಪದರವನ್ನು ಮಾತ್ರ ಹೇಳುತ್ತದೆ. ನೆಲದಲ್ಲಿ ಬಹುಕಾಲ ಇದ್ದ ನಾಣ್ಯದ ಮೇಲ್ಪದರದಿಂದ ತಾಮ್ರವು ಕರಗಿಹೋಗಿ ಬೆಳ್ಳಿಯ ಪ್ರಮಾಣವು ಏರಿರುವುದರಿಂದ ಅದರ ಮಾತನ್ನು ಒರೆಗಲ್ಲಿನ ಮಾತಿನಂತೆಯೇ ತೂಗಿ ನೋಡಬೇಕು.

ಲೋಹವು ಪ್ರಾಚೀನವೆಂದು ಸಿದ್ಧವಾದರೂ ನಾಣ್ಯವು ಪ್ರಾಚೀನವೆಂದು ಸಿದ್ಧವಾಗದು. ಇದಕ್ಕೆ ದೃಷ್ಟಾಂತ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (೧೭೭೨-೧೮೩೦). ಇವನು ಗ್ರೀಕ್, ರೋಮನ್ ಮೊದಲಾದ ನಾಣ್ಯಗಳ ಅಚ್ಚುಗಳನ್ನು ಉಕ್ಕಿನಲ್ಲಿ ತಾನೇ ಕೆತ್ತಿದ ಅಸಾಧಾರಣ ಕುಶಲಿ. ಬೆಲೆಯಿಲ್ಲದ ಸವೆದ ಪ್ರಾಚೀನ ನಾಣ್ಯಗಳನ್ನೇ ಬಿಲ್ಲೆಗಳಾಗಿ ತೆಗೆದುಕೊಂಡು ಅವುಗಳ ಮೇಲೆ ತನ್ನ ಅಚ್ಚನ್ನು ಒತ್ತುತ್ತಿದ್ದನು. ಹೊಸತನವು ಹೋಗುವುದಕ್ಕಾಗಿ ಅವುಗಳನ್ನು ಕಬ್ಬಿಣದ ಅರಪುಡಿಯೊಡನೆ ಪೆಟ್ಟಿಗೆಯಲ್ಲಿಟ್ಟು ತನ್ನ ಗಾಡಿಗೆ ಕಟ್ಟಿ ಸವಾರಿಮಾಡಿಸುತ್ತಿದ್ದನೆಂದು ಪ್ರಸಿದ್ಧಿ. ಅವನ ಅಚ್ಚುಗಳು ಬರ್ಲಿನ್ನಿನ ಸಂಗ್ರಹದಲ್ಲಿ ಉಳಿದಿರುವುದರಿಂದಲೂ, ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಹಿಲ್ ಅವುಗಳನ್ನು ಕುರಿತು ಗ್ರಂಥವನ್ನು ಬರೆದಿರುವುದರಿಂದಲೂ ಅವನ ಕೃತಿಗಳನ್ನು ಈಗ ಗುರುತಿಸಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಥೆನ್ಸಿನಲ್ಲಿಯೇ ಕ್ರಿಸ್ಟೊಡೂಲಸ್ ಎಂಬುವನು ಇದೇ ವೃತ್ತಿಯನ್ನು ನಡೆಸಿದನು. ಅವನ ಅಚ್ಚುಗಳನ್ನು ಅಲ್ಲಿಯ ನಾಣ್ಯಸಂಗ್ರಹಾಲಯದ ಸ್ವೊರೊನೊಸ್ ಪ್ರಕಟಿಸಿದರು. ಬೆಕರನ ನಾಣ್ಯದಲ್ಲಿ ಬೆಳ್ಳಿಯು ಸತ್ಯ, ತೂಕವು ಸತ್ಯ, ಒತ್ತಿದ ಕ್ರಮವೂ ಸತ್ಯ. ಅಸತ್ಯವಾದುದು ಅಚ್ಚು ಮಾತ್ರ. ಅಚ್ಚನ್ನು ಬಿಟ್ಟು ಮಿಕ್ಕ ಪ್ರಮಾಣಗಳನ್ನು ನೂರು ಸಲ ಕೇಳಿದರೂ ಅವು ಅವನ ಪಕ್ಷದಲ್ಲಿಯೇ ಸಾಕ್ಷಿ ಹೇಳುವುವು.

೯. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ, ಈ ಪರೀಕ್ಷೆಗಳಲ್ಲಿ ನಿರಾಕರಣಕ್ಕೂ ಅಂಗೀಕಾರಕ್ಕೂ ಸಮಾನವಾದ ನ್ಯಾಯವಿಲ್ಲ. ಕೂಟವೆಂದು ಹೇಳುವುದಕ್ಕೆ ಅವ್ಯಭಿಚಾರಿಯಾದ ಒಂದು ಹೇತು ಸಾಕು: ಅವಳಿಯ ಗೀರು, ಅಂಚಿನ ಕೂಡು, ಬೆಕರನ ಅಚ್ಚು. ಸತ್ಯವೆಂದು ಹೇಳುವುದಕ್ಕೆ ಒಂದನ್ನೊಂದು ಆಶ್ರಯಿಸದ ಅನೇಕ ಪ್ರಮಾಣಗಳು ಒಂದೇ ಕಡೆಗೆ ಬೆರಳುತೋರಬೇಕು. ನೋಡಿದೊಡನೆ ಸತ್ಯವೆಂದು ಹೇಳುವ ಅನುಭವಿಗಳ ದೃಷ್ಟಿಯನ್ನು ಅಲ್ಲಗಳೆಯಬೇಕಾಗಿಲ್ಲ. ರತ್ನಪರೀಕ್ಷಕರ ಕಣ್ಣಿಗೂ ಅಭ್ಯಾಸವೇ ಗುರು. ಆದರೆ ಆ ದೃಷ್ಟಿಯು ಪರೀಕ್ಷೆಯ ಆರಂಭವೇ ಹೊರತು ಸಮಾಪ್ತಿಯಲ್ಲ.

ನಾಣ್ಯದ ಮೈಯಲ್ಲಿ ಹುಡುಕಿದರೆ ಸಿಕ್ಕದ ಪ್ರಮಾಣವೂ ಒಂದಿದೆ; ಅದು ನಾಣ್ಯವು ದೊರೆತ ಸ್ಥಳ. ಯಾವ ನೆಲದಲ್ಲಿ, ಯಾವ ಪದರದಲ್ಲಿ, ಯಾವ ಮಡಕೆಯಲ್ಲಿ, ಯಾವ ಇತರ ನಾಣ್ಯಗಳೊಡನೆ ದೊರೆಯಿತೆಂಬುದನ್ನು ಅಗೆದವರು ಬರೆದಿಟ್ಟಿದ್ದರೆ ಬೇರೆ ಪರೀಕ್ಷೆಗಳು ಬಹುಮಟ್ಟಿಗೆ ಅನಾವಶ್ಯಕವಾಗುತ್ತವೆ. ಕಳ್ಳರು ರಾತ್ರಿಯಲ್ಲಿ ಅಗೆದು ಮಾರಿದ ನಾಣ್ಯವು ನಿಜವಾಗಿದ್ದರೂ ತನ್ನ ಊರನ್ನು ಮರೆತ ಸಾಕ್ಷಿಯಂತೆ ಅರ್ಧವನ್ನು ಮಾತ್ರ ಹೇಳುತ್ತದೆ. ಹುಸಿ ನಾಣ್ಯಗಳು ಬಾಳುವುದೂ ಇಂತಹ ಊರಿಲ್ಲದ ನಾಣ್ಯಗಳ ಗುಂಪಿನಲ್ಲಿಯೇ.

ಆದುದರಿಂದ ಸಂಗ್ರಹಾಲಯಗಳ ಸೂಚಿಗಳಲ್ಲಿ ಸತ್ಯ, ಕೂಟ ಎಂಬ ಎರಡೇ ಅಂಕಣಗಳನ್ನು ಇಡುವುದು ಸಾಲದು. ಆಥೆನ್ಸಿನ ಟಂಕಸಾಲೆಯದು, ಪ್ರಾಚೀನ ಲೇಪನಾಣ್ಯ, ಪರದೇಶದ ಪ್ರಾಚೀನ ಅನುಕರಣ, ಪ್ರತಿಕೃತಿ, ಆಧುನಿಕ ಕೂಟ ಎಂದು ಬೇರೆಬೇರೆಯಾಗಿ ಬರೆದು, ಯಾವ ಯಾವ ಪರೀಕ್ಷೆಗಳಿಂದ ಹಾಗೆ ನಿಶ್ಚಯಿಸಲಾಯಿತೆಂಬುದನ್ನೂ, ದೊರೆತ ಸ್ಥಳವು ತಿಳಿದಿದ್ದರೆ ಅದನ್ನೂ, ಪಕ್ಕದಲ್ಲಿ ಸೂಚಿಸತಕ್ಕುದು. ಯಾವ ಪರೀಕ್ಷೆಯನ್ನು ಮಾಡಿಲ್ಲವೋ ಅದನ್ನು ಮಾಡಿಲ್ಲವೆಂದೇ ಬರೆಯಬೇಕು. ನಿಕೊಫಾನನ ಪರೀಕ್ಷಕನು ಪೇಟೆಯ ನಡುವೆ ಎಲ್ಲರೂ ನೋಡುವಂತೆ ಕುಳಿತು ತೀರ್ಪನ್ನು ಕೊಡಬೇಕಾಗಿದ್ದಿತು. ಹಾಗೆ ಬಹಿರಂಗವಾಗಿ ಹೇಳಿದ ಹೇತುಗಳನ್ನು ಮುಂದಿನ ವಿದ್ವಾಂಸರು ಮತ್ತೆ ತೂಗಿನೋಡಬಹುದು. ಹೇತುವಿಲ್ಲದ ತೀರ್ಪನ್ನು ತೂಗುವ ತಕ್ಕಡಿ ಯಾವ ದೇಶದಲ್ಲಿಯೂ ಇಲ್ಲ.